ಯಾರೂ ಕೇಳದ ಬೀಗ: ಸ್ಮಿತ್ ಆಂಡ್ ವೆಸನ್ ರಿವಾಲ್ವರಿನ ಪ್ರಕರಣ

ಅಮೆರಿಕದ ಬಂದೂಕು ಅಂಗಡಿಯಲ್ಲಿ ಸ್ಮಿತ್ ಆಂಡ್ ವೆಸನ್ ಕಂಪನಿಯ ರಿವಾಲ್ವರ್ ಕೈಗೆತ್ತಿಕೊಂಡರೆ ಎಡಬದಿಯಲ್ಲಿ ಒಂದು ಚಿಕ್ಕ ತೂತು ಕಾಣಬಹುದು. ಗುಂಡು ತುಂಬುವ ಸಿಲಿಂಡರನ್ನು ಹೊರಗೆ ತೆರೆಯಲು ಹೆಬ್ಬೆರಳಿನಿಂದ ತಳ್ಳುವ ಗುಂಡಿ ಇರುತ್ತದಲ್ಲ, ಅದರ ಸ್ವಲ್ಪ ಮೇಲೆ. ಅದು ಕೀಲಿಯ ತೂತು. ಜೊತೆಗೆ ಕೊಟ್ಟ ಪುಟ್ಟ ಕೀಲಿ ಹಾಕಿ ತಿರುಗಿಸಿದರೆ ಒಳಗಿನಿಂದ ಒಂದು ಲೋಹದ ತುಂಡು, ಗುಂಡು ಸಿಡಿಸಲು ಏಟು ಕೊಡುವ ಹ್ಯಾಮರ್ ಪಕ್ಕದಲ್ಲಿ ಮೇಲೇಳುತ್ತದೆ. ಹ್ಯಾಮರ್ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಟ್ರಿಗರ್ ಎಳೆದರೂ ಗುಂಡು ಹಾರುವುದಿಲ್ಲ.

ಇಷ್ಟೇ ವಿಷಯ. ಆದರೆ ಈ ತೂತಿನ ಸುತ್ತ 20 ವರ್ಷಕ್ಕಿಂತ ಜಾಸ್ತಿ ಕಾಲ ಜಗಳ ನಡೆದಿದೆ. ತೂತು ಇರುವವರೆಗೆ ಆ ಕಂಪನಿಯ ಹೊಸ ರಿವಾಲ್ವರ್ ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿದವರಿದ್ದಾರೆ. ಅದು ಏನಕ್ಕೆ ಇದೆ ಎಂದೂ ಕೇಳದೆ ಕೊಂಡುಕೊಂಡು ಹೋದವರೂ ಇದ್ದಾರೆ. ಅಂಥವರ ಕೀಲಿ ಇವತ್ತಿಗೂ ಬಂದ ಡಬ್ಬಿಯಲ್ಲೇ ಇರುತ್ತದೆ.

ಹಾಗಾದರೆ ಬಂದೂಕಿನ ಒಳಗೇ ಕೂಡಿಸಿದ ಬೀಗ ಕೊಳ್ಳುವವರಿಗೆ ನಿಜವಾಗಿ ಮುಖ್ಯವೇ? ಈ ಪ್ರಶ್ನೆ ಕೇಳಲು ಸ್ಮಿತ್ ಆಂಡ್ ವೆಸನ್‌ಗಿಂತ ಒಳ್ಳೆ ಪ್ರಕರಣ ಸಿಗಲಾರದು. ಒಂದೇ ಕಂಪನಿ ಒಂದೇ ಬಗೆಯ ರಿವಾಲ್ವರನ್ನು ಮೊದಲು ಬೀಗವಿಲ್ಲದೆ ಮಾರಿತು. ಆಮೇಲೆ ಬೀಗ ಹಾಕಿ ಮಾರಿತು. ನಂತರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮಾರಿತು. ಕೊನೆಗೆ ‘ಇದರಲ್ಲಿ ಬೀಗ ಇಲ್ಲ’ ಎಂಬುದನ್ನೇ ಹೇಳಿಕೊಂಡು ಮಾರಿತು.

2000ದ ಮಾರ್ಚ್ ಒಪ್ಪಂದ

ಸ್ಮಿತ್ ಆಂಡ್ ವೆಸನ್ ಹುಟ್ಟಿದ್ದು 1852ರಲ್ಲಿ. ಬಹುಕಾಲ ಅದು ನೆಲೆಸಿದ್ದ ಊರು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್. ಅಮೆರಿಕದ ಪೊಲೀಸರ ಸೊಂಟದಲ್ಲಿ ದಶಕಗಟ್ಟಲೆ ತೂಗಿದ್ದು ಹೆಚ್ಚಾಗಿ ಈ ಕಂಪನಿಯ ರಿವಾಲ್ವರೇ. 1987ರಲ್ಲಿ ಟಾಮ್ಕಿನ್ಸ್ ಎಂಬ ಬ್ರಿಟಿಷ್ ಕಂಪನಿ 11.25 ಕೋಟಿ ಡಾಲರ್ ಕೊಟ್ಟು ಇದನ್ನು ಕೊಂಡಿತು. ಅಷ್ಟು ಹೊತ್ತಿಗೆ ಪೊಲೀಸರು ರಿವಾಲ್ವರ್ ಬಿಟ್ಟು ಪಿಸ್ತೂಲಿನ ಕಡೆ ಹೊರಳುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

1998ರ ಕೊನೆಯಲ್ಲಿ ಮೊದಲು ನ್ಯೂ ಆರ್ಲಿಯನ್ಸ್, ಆಮೇಲೆ ಷಿಕಾಗೋ ನಗರಗಳು ಬಂದೂಕು ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದವು. ಗುಂಡೇಟಿನಿಂದ ನಗರಕ್ಕೆ ಆಗುವ ಖರ್ಚನ್ನು ಕಂಪನಿಗಳೇ ತುಂಬಿಕೊಡಬೇಕು ಎಂಬುದು ವಾದ. ನೋಡುನೋಡುತ್ತಲೇ ಇಂಥ ನಗರಗಳ ಪಟ್ಟಿ ಬೆಳೆಯಿತು. ಕ್ಲಿಂಟನ್ ಸರ್ಕಾರವೂ ನಗರಗಳ ಬೆನ್ನಿಗೆ ನಿಂತಿತು. ವಕೀಲರ ಖರ್ಚಿಗೇ ಕಂಪನಿ ಮುಳುಗುವ ಪರಿಸ್ಥಿತಿ. ಆಗ ಸ್ಮಿತ್ ಆಂಡ್ ವೆಸನ್ ಮುಖ್ಯಸ್ಥರಾಗಿದ್ದವರು ಎಡ್ ಶುಲ್ಟ್ಸ್. ಉಳಿದ ಕಂಪನಿಗಳು ನಿಂತು ಹೋರಾಡುತ್ತಿರುವಾಗ ಅವರು ರಾಜಿಯ ದಾರಿ ಹಿಡಿದರು. 2000ದ ಮಾರ್ಚ್ 17ರಂದು ಒಪ್ಪಂದ ಹೊರಬಿತ್ತು. ಸರ್ಕಾರದ ಕಡೆಯಿಂದ ಮುಂದೆ ನಿಂತವರು ವಸತಿ ಇಲಾಖೆಯ ಆ್ಯಂಡ್ರ್ಯೂ ಕ್ವೋಮೋ.

ಒಪ್ಪಂದದ ಪ್ರಕಾರ 60 ದಿನದೊಳಗೆ ಎಲ್ಲ ಕೈಬಂದೂಕುಗಳ ಜೊತೆ ಹೊರಗಿನಿಂದ ಹಾಕುವ ಬೀಗ ಕೊಡಬೇಕು. ಎರಡು ವರ್ಷದೊಳಗೆ ಬೀಗ ಒಳಗೇ ಇರಬೇಕು. ಮಾಲೀಕ ಹಿಡಿದರೆ ಮಾತ್ರ ಕೆಲಸ ಮಾಡುವ ‘ಸ್ಮಾರ್ಟ್’ ಬಂದೂಕಿನ ಕಡೆಗೂ ಹೋಗಬೇಕು. ಇವೆಲ್ಲ ಯಂತ್ರದ ಮಾತು. ನಿಜವಾದ ಕಿಚ್ಚು ಹಚ್ಚಿದ್ದು ಬೇರೆ ಷರತ್ತುಗಳು. ಈ ಕಂಪನಿಯ ಬಂದೂಕು ಮಾರುವ ಅಂಗಡಿಯವರು ಒಂದು ನೀತಿ ಪಟ್ಟಿಗೆ ಸಹಿ ಹಾಕಬೇಕಿತ್ತು. ಬೇರೆ ಕಂಪನಿಯ ಮಾಲು ಮಾರುವಾಗಲೂ ಅದೇ ನೀತಿ ಪಾಲಿಸಬೇಕಿತ್ತು. ಅಂದರೆ ಸ್ಪ್ರಿಂಗ್‌ಫೀಲ್ಡಿನಲ್ಲಿ ಕುಳಿತ ಒಬ್ಬ ತಯಾರಕ ದೇಶದ ಮೂಲೆಮೂಲೆಯ ಅಂಗಡಿ ಹೇಗೆ ನಡೆಯಬೇಕು ಎಂದು ಹೇಳಲು ಹೊರಟ ಹಾಗಾಯಿತು.

ಎನ್‌ಆರ್‌ಎ, ಅಂದರೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಎಂಬ ಬಂದೂಕು ಪರ ಸಂಘಟನೆ, ಇದನ್ನು ಶರಣಾಗತಿ ಎಂದು ಕರೆಯಿತು. ಗಿರಾಕಿಗಳು ಬಹಿಷ್ಕಾರ ಹಾಕಿದರು. ಅಂಗಡಿಗಳು ಮಾಲು ತರಿಸುವುದನ್ನು ನಿಲ್ಲಿಸಿದವು. ಮಾರಾಟ ಶೇ 40ರಷ್ಟು ಬಿತ್ತು ಎಂದು ಆಗ ವರದಿಯಾಗಿತ್ತು. ಆ ಬೇಸಿಗೆಯಲ್ಲಿ ಕಾರ್ಖಾನೆಗಳನ್ನು ಕೆಲವು ವಾರ ಮುಚ್ಚಬೇಕಾಯಿತು. ವರ್ಷ ಮುಗಿಯುವ ಮೊದಲೇ ಶುಲ್ಟ್ಸ್ ಕಂಪನಿಯಿಂದ ಹೊರನಡೆದರು.

ಇಲ್ಲಿಯವರೆಗೆ ಓದಿದರೆ ಉತ್ತರ ಸಿಕ್ಕಿತು ಅನಿಸುತ್ತದೆ. ಬೀಗ ಹಾಕಲು ಒಪ್ಪಿದರು, ಗಿರಾಕಿ ಓಡಿಹೋದ, ಅಲ್ವಾ?

ಹಾಗಲ್ಲ. ದಿನಾಂಕ ನೋಡಿ. ಬಹಿಷ್ಕಾರ ಜೋರಾಗಿದ್ದ 2000ದಲ್ಲಿ ಒಳಬೀಗದ ರಿವಾಲ್ವರ್ ಅಂಗಡಿಗೆ ಬಂದೇ ಇರಲಿಲ್ಲ. ಜನ ಕೊಳ್ಳಲು ನಿರಾಕರಿಸಿದ್ದು ಬೀಗವಿಲ್ಲದ ಹಳೆ ಮಾಲನ್ನೇ. ಅದಕ್ಕೂ ಮೊದಲು 1997ರ ಅಕ್ಟೋಬರಿನಲ್ಲಿ ಸ್ಮಿತ್ ಆಂಡ್ ವೆಸನ್ ಸೇರಿ ಎಂಟು ಕಂಪನಿಗಳು ತಮ್ಮ ಕೈಬಂದೂಕಿನ ಜೊತೆ ಮಕ್ಕಳ ಸುರಕ್ಷೆಗೆ ಒಂದು ಸಾಧನ ಕೊಡುವುದಾಗಿ ಶ್ವೇತಭವನದಲ್ಲೇ ಒಪ್ಪಿದ್ದವು. ಆಗ ಯಾವ ಕಾರ್ಖಾನೆಯೂ ಮುಚ್ಚಲಿಲ್ಲ. ಗಿರಾಕಿ ಸಿಟ್ಟಾದದ್ದು ಸರ್ಕಾರದ ಜೊತೆ ಕೈಜೋಡಿಸಿದ್ದಕ್ಕೆ. ಬೀಗ ಆ ಸಿಟ್ಟಿಗೆ ಸಿಕ್ಕ ಗುರುತು, ಅಷ್ಟೇ.

ಬೀಗದ ಕಂಪನಿಯೇ ಮಾಲೀಕ

ಇನ್ನು ಮುಂದಿನದು ಸ್ವಲ್ಪ ತಮಾಷೆಯಾಗಿದೆ. 2001ರ ಮೇ ತಿಂಗಳಲ್ಲಿ ಟಾಮ್ಕಿನ್ಸ್ ಸ್ಮಿತ್ ಆಂಡ್ ವೆಸನ್ ಅನ್ನು ಕೇವಲ 1.5 ಕೋಟಿ ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ಕೊಂಡವರು 3 ಕೋಟಿ ಡಾಲರ್ ಸಾಲವನ್ನೂ ಹೊತ್ತುಕೊಂಡರು. 14 ವರ್ಷದ ಹಿಂದೆ ಕೊಟ್ಟ ಬೆಲೆಗೆ ಹೋಲಿಸಿದರೆ ಇದು ಗುಜರಿ ದರ.

ಕೊಂಡವರು ಯಾರು? ಅರಿಜೋನಾದ ಸೇಫ್-ಟಿ-ಹ್ಯಾಮರ್ ಎಂಬ ಪುಟ್ಟ ಕಂಪನಿ. ಅದರ ಕಸುಬೇ ಬಂದೂಕಿನ ಬೀಗ ಮತ್ತು ಸುರಕ್ಷಾ ಸಾಧನ. ಅದರ ಅಧ್ಯಕ್ಷ ರಾಬರ್ಟ್ ಸ್ಕಾಟ್ ಹಿಂದೆ ಸ್ಮಿತ್ ಆಂಡ್ ವೆಸನ್‌ನಲ್ಲೇ ಉಪಾಧ್ಯಕ್ಷರಾಗಿದ್ದವರು. ಅಷ್ಟರಲ್ಲಿ ಬುಷ್ ಸರ್ಕಾರ ಬಂದಿತ್ತು. ಕ್ಲಿಂಟನ್ ಕಾಲದ ಒಪ್ಪಂದವನ್ನು ಜಾರಿ ಮಾಡಿಸುವ ಆಸಕ್ತಿ ವಾಷಿಂಗ್ಟನ್‌ನಲ್ಲಿ ಉಳಿದಿರಲಿಲ್ಲ. ಒಪ್ಪಂದ ಕಾಗದದ ಮೇಲೆ ಒಣಗುತ್ತಿತ್ತು. ಆದರೂ ಒಳಬೀಗ ಬಂತು. 2001-02ರ ಹೊತ್ತಿಗೆ ರಿವಾಲ್ವರುಗಳಲ್ಲಿ ತೂತು ಕಾಣಿಸಿಕೊಳ್ಳತೊಡಗಿತು.

ಬಂದೂಕುಪ್ರಿಯರು ಅದಕ್ಕೆ ‘ಹಿಲರಿ ಹೋಲ್’ ಎಂದು ಹೆಸರಿಟ್ಟರು. ಒಪ್ಪಂದ ಮಾಡಿಸಿದ್ದು ಗಂಡನ ಸರ್ಕಾರ, ಹೆಸರು ಬಿದ್ದದ್ದು ಹೆಂಡತಿಗೆ! ಪ್ರಾಸ ಚೆನ್ನಾಗಿತ್ತು, ನಿಂತುಬಿಟ್ಟಿತು.

ದೂರುಗಳು

ಬೀಗವನ್ನು ಬೇಡ ಎನ್ನುವವರ ಮಾತನ್ನು ಸುಮ್ನೆ ರಾಜಕೀಯ ಎಂದು ತಳ್ಳಿಹಾಕುವುದು ಸುಲಭ. ಅದು ಸರಿಯಲ್ಲ. ಅವರ ಒಂದು ದೂರು ಯಂತ್ರಕ್ಕೇ ಸಂಬಂಧಿಸಿದ್ದು, ಅದನ್ನು ಮೊದಲು ನೋಡಬೇಕು.

ರಿವಾಲ್ವರ್ ಕೊಳ್ಳುವವನು ಅದನ್ನು ಯಾಕೆ ಕೊಳ್ಳುತ್ತಾನೆ? ಪಿಸ್ತೂಲಿಗೆ ಹೆಚ್ಚು ಗುಂಡು ಹಿಡಿಸುತ್ತದೆ, ಬೇಗ ತುಂಬಬಹುದು. ರಿವಾಲ್ವರಿನಲ್ಲಿ ಐದೋ ಆರೋ ಗುಂಡು. ಆದರೆ ಅದರ ಬಗ್ಗೆ ಒಂದು ನಂಬಿಕೆ ಇದೆ: ಟ್ರಿಗರ್ ಎಳೆದರೆ ಹಾರುತ್ತದೆ. ಸೇಫ್ಟಿ ಗುಂಡಿ ಸರಿಸುವ ಕೆಲಸ ಇಲ್ಲ. ಗುಂಡು ಸಿಡಿಯದಿದ್ದರೆ ಮತ್ತೊಮ್ಮೆ ಎಳೆದರಾಯಿತು, ಮುಂದಿನ ಗುಂಡು ಬರುತ್ತದೆ. ಟ್ರಿಗರ್ ಗಟ್ಟಿಯಾಗಿರುವುದೇ ಅದರ ಸೇಫ್ಟಿ. ಗಾಬರಿಯಲ್ಲಿ ಕೈ ನಡುಗುವ ಹೊತ್ತಿಗೆ ಯೋಚಿಸಬೇಕಾದ್ದು ಏನೂ ಇರಬಾರದು ಎಂದು ಬಯಸುವವನು ರಿವಾಲ್ವರ್ ಕೊಳ್ಳುತ್ತಾನೆ. ಅಂಥವನ ಕೈಗೆ, ಹಾರದಂತೆ ಮಾಡುವ ಒಂದು ತುಂಡನ್ನು ಒಳಗೇ ಕೂಡಿಸಿ ಕೊಟ್ಟರೆ ಅವನು ಮೊದಲು ಕೇಳುವುದು ಒಂದೇ. ಇದು ತಾನಾಗಿ ಬಿದ್ದುಬಿಟ್ಟರೆ?

ಆ ಭಯ ಪೂರ್ತಿ ಕಲ್ಪನೆಯಲ್ಲ. ಅದೇ ಹೊತ್ತಿಗೆ ಕಂಪನಿ ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಮೈಯ ತೀರಾ ಹಗುರ ರಿವಾಲ್ವರುಗಳನ್ನು ತರುತ್ತಿತ್ತು. 340ಪಿಡಿ ಎಂಬುದು ಸುಮಾರು 330 ಗ್ರಾಂ ತೂಗುತ್ತದೆ. ಅದರಲ್ಲಿ .357 ಮ್ಯಾಗ್ನಂ ಗುಂಡು ಹಾರಿಸಿದರೆ ಅಂಗೈ ಕಿತ್ತುಬರುವಂಥ ಏಟು. ಬಂದೂಕು ಹಗುರ, ಗುಂಡು ಜೋರು, ಹಾಗಾಗಿ ಒಳಗಿನ ಸಣ್ಣ ಸ್ಪ್ರಿಂಗು, ಸಣ್ಣ ತುಂಡುಗಳಿಗೂ ಅಷ್ಟೇ ಕುಲುಕಾಟ. ಇಂಥ ಹಗುರ ಮ್ಯಾಗ್ನಂಗಳಲ್ಲಿ ಹಾರಿಸುತ್ತಿರುವಾಗಲೇ ಬೀಗ ತಾನಾಗಿ ಎದ್ದು ರಿವಾಲ್ವರ್ ಕಟ್ಟಿಕೊಂಡಿತು ಎಂಬ ಅನುಭವಗಳನ್ನು ಹಲವರು ಹೇಳಿದರು. ಹೆಸರಾಂತ ಬಂದೂಕು ಬರಹಗಾರರೂ ಬರೆದರು. ಭಾರದ ಉಕ್ಕಿನ ರಿವಾಲ್ವರುಗಳ ಬಗ್ಗೆ ಇಂಥ ಮಾತು ಕೇಳಿಬಂದದ್ದು ತೀರಾ ಕಡಿಮೆ.

ಇಲ್ಲಿ ಲೆಕ್ಕಕ್ಕಿಂತ ದೊಡ್ಡದು ಸಂಶಯ. ಲಕ್ಷಗಟ್ಟಲೆ ರಿವಾಲ್ವರುಗಳಲ್ಲಿ ಎಲ್ಲೋ ಒಂದೆರಡು ಕೈಕೊಟ್ಟರೆ ಅಂಕಿಅಂಶದ ಪ್ರಕಾರ ಅದು ಏನೂ ಅಲ್ಲ. ಕಾರೋ ಫ್ರಿಜ್ಜೋ ಆಗಿದ್ದರೆ ಸರ್ವಿಸಿಗೆ ಕಳಿಸಿ ಮರೆಯಬಹುದು. ‘ಕೊನೆಯ ಕ್ಷಣದಲ್ಲಿ ಕೈಬಿಡಬಾರದು’ ಎಂದೇ ಕೊಳ್ಳುವ ವಸ್ತುವಿಗೆ ಆ ಲೆಕ್ಕ ನಡೆಯುವುದಿಲ್ಲ. ಅವನ ದೃಷ್ಟಿಯಲ್ಲಿ ಬೀಗದಿಂದ ಲಾಭ ಸೊನ್ನೆ. ಅಪಾಯ ಎಷ್ಟೇ ಸಣ್ಣದಾದರೂ ಸೊನ್ನೆಗಿಂತ ಜಾಸ್ತಿ. ಈ ವಾದದಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಎರಡನೆಯದು ನೋಟದ ದೂರು. ಇದನ್ನು ಹೊರಗಿನವರು ನಗುತ್ತಾ ಕೇಳುತ್ತಾರೆ, ಆದರೆ ರಿವಾಲ್ವರ್ ಲೋಕದಲ್ಲಿ ಇದೇ ಭಾರ. ಆಗಲೇ ಹೇಳಿದೆನಲ್ಲ, ಪೊಲೀಸರು ಪಿಸ್ತೂಲಿಗೆ ಹೋದರು ಎಂದು. ಕೆಲಸಕ್ಕೆ ಬೇಕಾದವರು ಹೋದ ಮೇಲೆ ರಿವಾಲ್ವರಿಗೆ ಉಳಿದ ಗಿರಾಕಿಗಳಲ್ಲಿ ದೊಡ್ಡ ಪಾಲು ಅದರ ಚಂದಕ್ಕೆ, ಹಳೆಯತನಕ್ಕೆ, ಅಪ್ಪ ಅಜ್ಜ ಇಟ್ಟುಕೊಂಡಿದ್ದರು ಎಂಬ ನೆನಪಿಗೆ ಮನಸೋತವರು. ಕಂಪನಿಯೂ ಇದನ್ನೇ ನೆಚ್ಚಿಕೊಂಡು ಹಳೆ ಮಾದರಿಗಳನ್ನು ‘ಕ್ಲಾಸಿಕ್’ ಸಾಲಿನಲ್ಲಿ ಮತ್ತೆ ತಂದಿತು. ಹೊಳೆಯುವ ನೀಲಿ ಮೆರುಗು, ಮರದ ಹಿಡಿ, ಎಲ್ಲ ಐವತ್ತರ ದಶಕದ ಹಾಗೆ. ಪಕ್ಕದಲ್ಲಿ ಮಾತ್ರ ತೂತು. ಹಳೆಯದರ ನಕಲು ಕೊಳ್ಳುವವನಿಗೆ ಹಳೆಯದರಲ್ಲಿ ಇಲ್ಲದ ಒಂದೇ ವಸ್ತು ಎದ್ದು ಕಾಣುತ್ತದೆ. ತೂತು ಮುಚ್ಚಲೆಂದೇ ಬೇರೆಯವರು ಸಣ್ಣ ಲೋಹದ ಬಿರಡೆ ಮಾಡಿ ಮಾರಿದರು. ಬೀಗ ತೆಗೆದು ಅದನ್ನು ಕೂಡಿಸಿಕೊಳ್ಳುವವರು ಇವತ್ತಿಗೂ ಇದ್ದಾರೆ.

ಈ ಗುಂಪಿಗೆ ಬೀಗ ಒಂದು ಕಾಲದ ಗಡಿಯೂ ಹೌದು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ‘ಪ್ರಿ-ಲಾಕ್’ ಎಂಬುದು ಬೆಲೆ ಏರಿಸುವ ಮಾತು. ಬೀಗ ಬರುವ ಮೊದಲಿನದು ಎಂದರೆ ಕೈಯಿಂದ ಕೂಡಿಸಿದ್ದು, ಒಳಗಿನ ತುಂಡುಗಳು ಕಡೆದು ಮಾಡಿದವು ಎಂಬ ಭಾವನೆ. ಇದು ಪೂರ್ತಿ ನಿಜವಲ್ಲ. ಲೋಹದ ಪುಡಿಯನ್ನು ಅಚ್ಚಿಗೆ ತುಂಬಿ ಮಾಡುವ ತುಂಡುಗಳು 90ರ ದಶಕದಲ್ಲೇ, ಬೀಗಕ್ಕಿಂತ ಮೊದಲೇ ಬಂದಿದ್ದವು. ನಳಿಗೆಗೆ ಅಡ್ಡ ಪಿನ್ನು ಹೊಡೆದು ಕೂರಿಸುವ ಪದ್ಧತಿಯಂತೂ 1982ರ ಸುಮಾರಿಗೇ ನಿಂತಿತ್ತು. ಆದರೆ ಅವು ಯಾವುವೂ ಅಂಗಡಿಯ ಗಾಜಿನಾಚೆಯಿಂದ ಕಾಣುವುದಿಲ್ಲ. ತೂತು ಕಾಣುತ್ತದೆ. ಹಾಗಾಗಿ ಎರಡು ದಶಕದ ಎಲ್ಲ ಬದಲಾವಣೆಯ ಬೇಸರವೂ ಆ ತೂತಿನ ಲೆಕ್ಕಕ್ಕೆ ಬಿತ್ತು.

ಮೂರನೆಯ ದೂರು 2000ದ ನೆನಪು. ಅದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ.

ಗಲ್ಲಾಪೆಟ್ಟಿಗೆ ಏನು ಹೇಳುತ್ತದೆ

ಮಾತು ಒಂದು ಕಡೆ, ಕೊಳ್ಳುವುದು ಇನ್ನೊಂದು ಕಡೆ. ಬೀಗ ಬಂದ ಮೇಲೆ ಸ್ಮಿತ್ ಆಂಡ್ ವೆಸನ್ ಮುಳುಗಲಿಲ್ಲ, ಚೇತರಿಸಿಕೊಂಡಿತು. 2003ರಲ್ಲಿ ಬಂದ ಮಾಡೆಲ್ 500 ನೋಡಿ. ಸುಮಾರು ಎರಡು ಕಿಲೋ ತೂಕದ ದೈತ್ಯ ರಿವಾಲ್ವರ್. ಅದರಲ್ಲೂ ತೂತು ಇತ್ತು. ಜನ ಮುಗಿಬಿದ್ದು ಕೊಂಡರು. ಬೇರೆಲ್ಲೂ ಸಿಗದ್ದನ್ನು ಕೊಟ್ಟರೆ ತೂತು ಯಾರ ಕಣ್ಣಿಗೂ ಬೀಳುವುದಿಲ್ಲ.

ಬ್ರೆಜಿಲ್ಲಿನ ಟಾರಸ್ ಕಂಪನಿ ಸ್ಮಿತ್ ಆಂಡ್ ವೆಸನ್‌ಗಿಂತ ಮೊದಲೇ ತನ್ನ ರಿವಾಲ್ವರುಗಳಿಗೆ ಒಳಬೀಗ ಹಾಕಿತ್ತು, ಅದೂ ಹ್ಯಾಮರ್ ಮೇಲೆಯೇ. ಅದರ ‘ಜಡ್ಜ್’ ಎಂಬ ರಿವಾಲ್ವರ್ ಶಾಟ್‌ಗನ್ ತೋಟಾವನ್ನೂ ಹಾರಿಸುತ್ತದೆ. ಬೀಗವಿದ್ದೂ ಅದು ಬಿಸಿದೋಸೆಯ ಹಾಗೆ ಖರ್ಚಾಯಿತು. ಆಮೇಲೆ ಟಾರಸ್ ಆ ಬೀಗವನ್ನು ಸದ್ದಿಲ್ಲದೆ ಕೈಬಿಟ್ಟಿತು. ಹಾಕಿದಾಗಲೂ ದೊಡ್ಡ ಗದ್ದಲವಿಲ್ಲ, ತೆಗೆದಾಗಲೂ ಇಲ್ಲ. ಬೀಗ ಒಂದೇ ಬಗೆಯದು, ಆದರೆ ಟಾರಸ್ 2000ದ ಒಪ್ಪಂದಕ್ಕೆ ಕೈಜೋಡಿಸಿರಲಿಲ್ಲ. ನನಗೆ ಈ ಪ್ರಕರಣದಲ್ಲಿ ಅತ್ಯಂತ ಹೇಳಿಕೊಡುವ ಸಂಗತಿ ಇದೇ.

ರೂಗರ್ ಕಂಪನಿ ಇನ್ನೂ ಜಾಣತನ ತೋರಿಸಿತು. 2005ರ ನ್ಯೂ ವಾಕೇರೋ, 2009ರ ಎಲ್‌ಸಿಆರ್ ರಿವಾಲ್ವರುಗಳಲ್ಲಿ ಒಳಬೀಗ ಇದೆ. ಆದರೆ ಹಿಡಿಯ ಕೆಳಗೆ ಮುಚ್ಚಿಟ್ಟಿದೆ. ಬಳಸಬೇಕೆಂದರೆ ಹಿಡಿ ಬಿಚ್ಚಬೇಕು, ಇಲ್ಲವೇ ಹಿಡಿಯಲ್ಲಿ ನೀವೇ ತೂತು ಕೊರೆಯಬೇಕು. ಬೀಗವೂ ಆಯಿತು, ಗಿರಾಕಿಯ ಕಣ್ಣಿಗೂ ಬೀಳಲಿಲ್ಲ. ಸುರಕ್ಷೆಯ ದೃಷ್ಟಿಯಿಂದ ನೋಡಿದರೆ ಇದು ಹಾಸ್ಯಾಸ್ಪದ. ಹಿಡಿ ಬಿಚ್ಚಿ ಬೀಗ ಹಾಕುವವರು ಎಷ್ಟು ಜನ? ವ್ಯಾಪಾರದ ದೃಷ್ಟಿಯಿಂದ ಪಕ್ಕಾ ಲೆಕ್ಕ.

ಇನ್ನು ಕೋಲ್ಟ್. ಬಹಳ ವರ್ಷ ರಿವಾಲ್ವರ್ ಬಿಟ್ಟು ಕೂತಿದ್ದ ಈ ಹಳೆ ಕಂಪನಿ 2017ರಲ್ಲಿ ಕೋಬ್ರಾ, 2020ರಲ್ಲಿ ಪೈಥಾನ್ ರಿವಾಲ್ವರನ್ನು ಮರಳಿ ತಂದಿತು. ಎರಡರಲ್ಲೂ ಒಳಬೀಗ ಇಲ್ಲ. ಕಿಂಬರ್ ಕಂಪನಿ 2016ರಲ್ಲಿ ಕೆ6ಎಸ್ ತಂದಾಗಲೂ ತೂತಿಲ್ಲದ ಮೈಯನ್ನು ಅಭಿಮಾನಿಗಳು ಮೆಚ್ಚಿ ಮಾತಾಡಿದರು. ಅಲ್ಲಿಯವರೆಗೆ ಸ್ಮಿತ್ ಆಂಡ್ ವೆಸನ್ ಬೇಡವೆಂದವರಲ್ಲಿ ಹಲವರು ಹಳೆಯದನ್ನು ಹುಡುಕುತ್ತಿದ್ದರು. ಈಗ ಹೊಸದೇ ಪಕ್ಕದ ಕಪಾಟಿನಲ್ಲಿ ಸಿಗತೊಡಗಿತು. ಗಿರಾಕಿಯ ಬೇಸರ ಕಂಪನಿಗೆ ನಷ್ಟವಾಗುವುದು ಇಂಥ ಹೊತ್ತಿನಲ್ಲಿ.

ಸ್ಮಿತ್ ಆಂಡ್ ವೆಸನ್ ಒಳಗೇ ನಡೆದ ಪರೀಕ್ಷೆಯೂ ಇದೆ. 642 ಎಂಬುದು ಅದರ ಜನಪ್ರಿಯ ಪುಟ್ಟ ರಿವಾಲ್ವರ್. ಐದು ಗುಂಡು, ಸುಮಾರು 400 ಗ್ರಾಂ, ಹ್ಯಾಮರ್ ಪೂರ್ತಿ ಒಳಗೆ ಮುಚ್ಚಿದ್ದು, ಜೇಬಿಗೆ ಸಿಕ್ಕಿಕೊಳ್ಳುವುದಿಲ್ಲ. ಇದರದೇ ಕಪ್ಪು ಅಣ್ಣತಮ್ಮ 442. 2009ರ ಸುಮಾರಿಗೆ ಈ ಎರಡೂ ಬೀಗವಿಲ್ಲದೆಯೂ ಸಿಗತೊಡಗಿದವು. ಬೀಗ ಇರುವುದನ್ನೂ ನಿಲ್ಲಿಸಲಿಲ್ಲ. ಒಂದೇ ರಿವಾಲ್ವರ್, ಎರಡು ಬಗೆ, ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ತಿಳಿದವರು ಬೀಗವಿಲ್ಲದ್ದನ್ನು ಕೇಳಿ ಕೊಂಡರು. ಉಳಿದವರು ಅಂಗಡಿಯವನು ಎತ್ತಿಕೊಟ್ಟದ್ದನ್ನು ಕೊಂಡರು. ‘ನನಗೆ ಬೀಗ ಇರುವುದೇ ಬೇಕು’ ಎಂದು ಹುಡುಕಿಕೊಂಡು ಬಂದವರ ಸುದ್ದಿ ಮಾತ್ರ ಎಲ್ಲೂ ಕೇಳಿಬರಲಿಲ್ಲ.

ಇದೇ ಕಂಪನಿ 2005-06ರಲ್ಲಿ ಎಂ ಆಂಡ್ ಪಿ ಪಿಸ್ತೂಲ್ ತಂದಾಗ ಏನು ಮಾಡಿತು ಗೊತ್ತೇ? ಬೀಗವನ್ನು ಬೇಕಾದವರಿಗೆ ಮಾತ್ರ ಎಂದು ಇಟ್ಟಿತು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದುದು ಬೀಗವಿಲ್ಲದ್ದೇ. ಪೊಲೀಸ್ ಇಲಾಖೆಗಳಿಗೆ ಮಾರಬೇಕಾದ ವಸ್ತುವಿನಲ್ಲಿ ಕಂಪನಿ ಬೀಗವನ್ನು ಹೇರಲಿಲ್ಲ.

ಯಾರಿಗಾಗಿ ಮಾಡಿದ್ದು?

ಬೀಗದ ಹಿಂದಿನ ಉದ್ದೇಶ ಒಳ್ಳೆಯದೇ. ಮನೆಯಲ್ಲಿ ಮಗುವಿದೆ, ಮೇಜಿನ ಖಾನೆಯಲ್ಲಿ ಬಂದೂಕಿದೆ. ಮಗು ತೆಗೆದು ಆಡುತ್ತದೆ. ಇಂಥ ಸಾವುಗಳು ಅಮೆರಿಕದಲ್ಲಿ ಪ್ರತಿ ವರ್ಷ ಆಗುತ್ತವೆ. ಹದಿಹರೆಯದವರ ಆತ್ಮಹತ್ಯೆಗೂ ಮನೆಯ ಬಂದೂಕೇ ಎಷ್ಟೋ ಸಲ ಕಾರಣ. 2005ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬಂದೂಕಿಗೆ ಬೀಗ ಹಾಕುವುದು, ಗುಂಡು ತೆಗೆದಿಡುವುದು, ಗುಂಡುಗಳನ್ನು ಬೇರೆ ಕಡೆ ಬೀಗ ಹಾಕಿಡುವುದು, ಇವೆಲ್ಲ ಇಂಥ ಅನಾಹುತ ಕಡಿಮೆಯಿರುವ ಮನೆಗಳಲ್ಲಿ ಜಾಸ್ತಿ ಕಂಡವು ಎಂದು ತೋರಿಸಿತು. ಬೀಗ ಕೆಲಸಕ್ಕೆ ಬಾರದ್ದು ಎಂದು ಹೇಳಲು ಬರುವುದಿಲ್ಲ.

ಆದರೆ ಯಾವ ಬೀಗ? ರಿವಾಲ್ವರಿನ ಒಳಬೀಗಕ್ಕೆ ಒಂದು ದೊಡ್ಡ ಕೊರತೆ ಇದೆ. ತುರ್ತಿಗೆ ಬೇಕೆಂದು ಮಂಚದ ಪಕ್ಕ ಇಟ್ಟುಕೊಳ್ಳುವವನಿಗೆ ಕತ್ತಲೆಯಲ್ಲಿ ಪುಟ್ಟ ಕೀಲಿ ಹುಡುಕಿ, ಪುಟ್ಟ ತೂತಿಗೆ ತೂರಿಸುವ ತಾಳ್ಮೆ ಇರುವುದಿಲ್ಲ. ಹಾಗಾಗಿ ಅವನು ಹಾಕುವುದೇ ಇಲ್ಲ. ತುರ್ತಿನ ಮಾತಿಲ್ಲದೆ, ಶೂಟಿಂಗ್ ರೇಂಜಿಗೆಂದೋ ಸಂಗ್ರಹಕ್ಕೆಂದೋ ಇಟ್ಟುಕೊಂಡವನು ಹೇಗೂ ದೊಡ್ಡ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಾನೆ. ಅದು ಕಳ್ಳರಿಂದಲೂ ಕಾಯುತ್ತದೆ. ಬೀಗ ಹಾಕಿದ ರಿವಾಲ್ವರನ್ನು ಕಳ್ಳ ಹೊತ್ತುಕೊಂಡು ಹೋದರೆ ಮನೆಗೆ ಹೋಗಿ ನಿಧಾನವಾಗಿ ಬಿಚ್ಚಬಹುದು. ಮಕ್ಕಳಿರುವ ಮನೆಯವರು ಬೆರಳು ಒತ್ತಿದರೆ ಅಥವಾ ನಂಬರ್ ಹಾಕಿದರೆ ತೆರೆಯುವ ಚಿಕ್ಕ ಪೆಟ್ಟಿಗೆ ಕೊಳ್ಳತೊಡಗಿದರು. ಸುರಕ್ಷೆ ಬೇಕಾದ ಗಿರಾಕಿ ಇದ್ದ. ಆದರೆ ಅವನು ಅದನ್ನು ಬಂದೂಕಿನ ಒಳಗೆ ಹುಡುಕಲಿಲ್ಲ, ಹೊರಗೆ ಹುಡುಕಿದ.

ಇದರ ಮೇಲೆ ಉಚಿತ ಬೀಗಗಳು ಬೇರೆ. ಬಂದೂಕು ಉದ್ಯಮದ ಸಂಘಟನೆ 1999ರಿಂದ ಪ್ರಾಜೆಕ್ಟ್ ಚೈಲ್ಡ್‌ಸೇಫ್ ಹೆಸರಿನಲ್ಲಿ ಕೋಟಿಗಟ್ಟಲೆ ಕೇಬಲ್ ಬೀಗ ಹಂಚಿದೆ. 2005ರ ಕೇಂದ್ರ ಕಾನೂನಿನ ಪ್ರಕಾರ ಅಂಗಡಿಯವನು ಕೈಬಂದೂಕು ಮಾರುವಾಗ ಬೀಗವನ್ನೋ ಇಡುವ ಪೆಟ್ಟಿಗೆಯನ್ನೋ ಜೊತೆಗೆ ಕೊಡಲೇಬೇಕು. ನಮ್ಮಲ್ಲಿ ಸ್ಕೂಟರ್ ಜೊತೆ ಷೋರೂಮಿನವರು ಹೆಲ್ಮೆಟ್ ಕೊಟ್ಟ ಹಾಗೆ ಅದು ಡಬ್ಬಿಯಲ್ಲಿ ಬರುತ್ತದೆ, ಹೆಚ್ಚಿನ ಮನೆಗಳಲ್ಲಿ ಅಟ್ಟಕ್ಕೇ ಹೋಗುತ್ತದೆ.

ಹಳೆಯ ಪಾಠವೊಂದು ಇದೇ ಕಂಪನಿಯ ಚರಿತ್ರೆಯಲ್ಲಿ ಇತ್ತು. 1880ರ ದಶಕದ ಕೊನೆಯಲ್ಲಿ ಸ್ಮಿತ್ ಆಂಡ್ ವೆಸನ್ ‘ಸೇಫ್ಟಿ ಹ್ಯಾಮರ್‌ಲೆಸ್’ ಎಂಬ ರಿವಾಲ್ವರ್ ತಂದಿತ್ತು. ಮಗುವೊಂದು ರಿವಾಲ್ವರಿನಿಂದ ಗಾಯ ಮಾಡಿಕೊಂಡ ಸುದ್ದಿ ಕೇಳಿ ಡೇನಿಯಲ್ ವೆಸನ್ ಇದನ್ನು ಮಾಡಿಸಿದರು ಎಂಬ ಕಥೆ ಇದೆ. ಹಿಡಿಯ ಹಿಂಬದಿಯಲ್ಲಿ ಒಂದು ಪಟ್ಟಿ. ಅದನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯದ ಹೊರತು ಟ್ರಿಗರ್ ಕೆಲಸ ಮಾಡುವುದಿಲ್ಲ. ಪುಟ್ಟ ಕೈಗೆ ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ. ಇದು ಐವತ್ತು ವರ್ಷ ಮಾರಾಟವಾಯಿತು. ಜನ ಬೇಡ ಎನ್ನಲಿಲ್ಲ. ಯಾಕೆಂದರೆ ಗಿರಾಕಿ ಏನೂ ಮಾಡಬೇಕಿರಲಿಲ್ಲ, ಹಿಡಿದರೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. 1952ರಲ್ಲಿ ಕಂಪನಿಗೆ ನೂರು ವರ್ಷ ತುಂಬಿದಾಗ ಅದೇ ಪಟ್ಟಿಯನ್ನು ಸೆಂಟೆನಿಯಲ್ ಎಂಬ ಹೊಸ ರಿವಾಲ್ವರಿನಲ್ಲಿ ಹಾಕಿದರು. ಜೊತೆಗೆ ಹಿಡಿಯ ಕೆಳಗೆ ಒಂದು ಸಣ್ಣ ಪಿನ್ನು ಇಟ್ಟರು. ಸೇಫ್ಟಿ ಬೇಡ ಎನ್ನುವವನು ಆ ಪಿನ್ನು ಚುಚ್ಚಿ ಅದನ್ನು ಕೆಲಸ ಮಾಡದ ಹಾಗೆ ಮಾಡಬಹುದಿತ್ತು. ಕಂಪನಿಯೇ ಸೇಫ್ಟಿ ಕೊಟ್ಟು, ಅದನ್ನು ಕೆಡಿಸುವ ಸಾಮಾನನ್ನೂ ಕೊಟ್ಟಿತ್ತು! ಮುಂದೆ ಆ ಪಟ್ಟಿಯೂ ಹೋಯಿತು. ಇವತ್ತಿನ 642 ಆ ಸೆಂಟೆನಿಯಲ್‌ನ ಮೊಮ್ಮಗ.

ನಮ್ಮ ಕಡೆಯ ಓದುಗರಿಗೆ ಈ ಜಗಳವೇ ವಿಚಿತ್ರ ಅನಿಸಬಹುದು. ಭಾರತದಲ್ಲಿ ಪರವಾನಗಿ ಸಿಗುವುದೇ ಕಷ್ಟ. ಸಿಕ್ಕವರಿಗೂ ಬಹಳ ಕಾಲ ಹೊಸ ರಿವಾಲ್ವರ್ ಎಂದರೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಮಾತ್ರ. ತೂತು ಬೇಕು, ಬೇಡ ಎಂದು ಆರಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ. ಅಮೆರಿಕದಲ್ಲಿ ಬಂದೂಕು ಮೊದಲು ಮಾರುಕಟ್ಟೆಯ ಸರಕು, ಆಮೇಲೆ ಕಾನೂನಿನ ವಿಷಯ. ಹಾಗಾಗಿ ಅಲ್ಲಿ ಸುರಕ್ಷೆಯನ್ನೂ ಗಿರಾಕಿಗೆ ಮಾರಿಯೇ ತಲುಪಿಸಬೇಕು.

ಹಾಗಾದರೆ ಇಷ್ಟು ವರ್ಷ ಯಾಕೆ ಇಟ್ಟರು?

ಗಿರಾಕಿ ಕೇಳಲಿಲ್ಲ, ಅಭಿಮಾನಿ ಬೈದ, ಒಪ್ಪಂದ ಸತ್ತಿತ್ತು. ಆದರೂ 642, 442ರಂಥ ಕೆಲವನ್ನು ಬಿಟ್ಟರೆ ಕಂಪನಿ ಎರಡು ದಶಕ ಬೀಗ ತೆಗೆಯಲಿಲ್ಲ. ನಾನು ನೋಡುವ ಪ್ರಕಾರ ಬೀಗದ ನಿಜವಾದ ಗಿರಾಕಿ ಕಂಪನಿಯ ವಕೀಲ.

ಒಮ್ಮೆ ಹಾಕಿದ ಸುರಕ್ಷಾ ಸಾಧನವನ್ನು ತೆಗೆಯುವುದು ಹಾಕದೇ ಇರುವುದಕ್ಕಿಂತ ಅಪಾಯ. ನಾಳೆ ಒಂದು ಮಗು ಸತ್ತು ಮೊಕದ್ದಮೆ ಬಂದರೆ ಎದುರು ವಕೀಲ ಕೇಳುವ ಮೊದಲ ಪ್ರಶ್ನೆ: ‘ನಿಮ್ಮಲ್ಲಿ ಬೀಗ ಇತ್ತು, ಯಾಕೆ ತೆಗೆದಿರಿ?’ 2005ರಲ್ಲಿ ಅಮೆರಿಕದ ಸಂಸತ್ತು ಬಂದೂಕು ಕಂಪನಿಗಳಿಗೆ ಮೊಕದ್ದಮೆಗಳಿಂದ ರಕ್ಷಣೆ ಕೊಡುವ ಕಾನೂನು ತಂದಿತು. ನಗರಗಳ ಆ ಹಳೆ ಬಗೆಯ ದಾವೆಗಳ ಭಯ ಬಹುಪಾಲು ಹೋಯಿತು. ಆದರೆ ವಿನ್ಯಾಸದ ದೋಷದ ಮೇಲೆ ಹೂಡುವ ದಾವೆಗೆ ಆ ಕಾನೂನಿನಲ್ಲೂ ಬಾಗಿಲು ತೆರೆದೇ ಇದೆ.

ರಾಜ್ಯಗಳ ಕಾನೂನು ಇನ್ನೊಂದು ಕಡೆ. ಮೇರಿಲ್ಯಾಂಡ್ ರಾಜ್ಯ 2000ದಲ್ಲಿ ಒಂದು ಕಾನೂನು ಮಾಡಿತು. 2002ರ ನಂತರ ತಯಾರಾದ ಕೈಬಂದೂಕನ್ನು ಅಂಗಡಿಯವನು ಅಲ್ಲಿ ಮಾರಬೇಕಾದರೆ ಒಳಗೇ ಕೂಡಿಸಿದ ಸುರಕ್ಷಾ ಸಾಧನ ಇರಬೇಕು. ರಾಜ್ಯಕ್ಕೊಂದು ಬಗೆ ಮಾಡುವುದಕ್ಕಿಂತ ಎಲ್ಲದಕ್ಕೂ ತೂತು ಕೊರೆಯುವುದು ಕಾರ್ಖಾನೆಗೆ ಸುಲಭ.

ಈ ಲೆಕ್ಕ ತಿರುಗಿದ್ದು ಈಚೆಗೆ. 2024ರ ಜನವರಿಯಲ್ಲಿ ಸ್ಮಿತ್ ಆಂಡ್ ವೆಸನ್ ಲಿಪ್ಸೀಸ್ ಎಂಬ ಸಗಟು ವ್ಯಾಪಾರಿಯ ಜೊತೆ ಸೇರಿ ‘ಅಲ್ಟಿಮೇಟ್ ಕ್ಯಾರಿ’ ಎಂಬ ಪುಟ್ಟ ರಿವಾಲ್ವರುಗಳ ಸಾಲನ್ನು ತಂದಿತು. .38 ಸ್ಪೆಷಲ್ ಗುಂಡಿನ 442, 642, ಮತ್ತು .32 ಮ್ಯಾಗ್ನಂ ಗುಂಡಿನ 432, 632. ಗುರಿ ಹಿಡಿಯಲು ಒಳ್ಳೆ ಸೈಟ್, ಕೈಗೆ ಕೂರುವ ಹಿಡಿ, ನಯವಾದ ಟ್ರಿಗರ್. ವೈಶಿಷ್ಟ್ಯಗಳ ಪಟ್ಟಿಯಲ್ಲಿ ಇವುಗಳ ಪಕ್ಕದಲ್ಲೇ ‘ಒಳಬೀಗ ಇಲ್ಲ’ ಎಂಬುದೂ ಇತ್ತು. ಒಂದು ಕಾಲದಲ್ಲಿ ಜವಾಬ್ದಾರಿಯ ಗುರುತಾಗಿ ಹಾಕಿದ್ದನ್ನು ಈಗ ಇಲ್ಲವೆಂದು ಹೇಳಿಕೊಂಡು ಮಾರಬಹುದಾಯಿತು. ರಿವಾಲ್ವರ್ ಅಭಿಮಾನಿಗಳು ಹಬ್ಬ ಮಾಡಿದರು. ಆಮೇಲೆ ದೊಡ್ಡ ರಿವಾಲ್ವರುಗಳಲ್ಲೂ ಕೆಲವು ತೂತಿಲ್ಲದೆ ಬಂದವು.

ಇದನ್ನು ಅಭಿಮಾನಿಗಳ ಗೆಲುವು ಎಂದು ಬರೆದವರು ಬಹಳ. ಅರ್ಧ ಮಾತ್ರ ಒಪ್ಪಬಹುದು. 20 ವರ್ಷ ಬೈದಾಗ ಕೆಲವು ಮಾದರಿ ಬಿಟ್ಟು ಉಳಿದವುಗಳಲ್ಲಿ ತೆಗೆಯದ ಕಂಪನಿ ಈಗ ತೆಗೆದದ್ದು ಕೋಲ್ಟ್, ಕಿಂಬರ್ ಬಂದ ಮೇಲೆ, ಮತ್ತು ಒಬ್ಬ ಸಗಟು ವ್ಯಾಪಾರಿ ‘ನಾನು ಕೊಳ್ಳುತ್ತೇನೆ, ಮಾಡಿಕೊಡಿ’ ಎಂದು ಆರ್ಡರ್ ಕೊಟ್ಟ ಮೇಲೆ. ಅಭಿಮಾನಿಯ ಇಷ್ಟಾನಿಷ್ಟ ಆರ್ಡರ್ ಪುಸ್ತಕದಲ್ಲಿ ಒಂದು ಸಾಲಾಗುವವರೆಗೆ ಕಾರ್ಖಾನೆಗೆ ಕೇಳಿಸಲಿಲ್ಲ. ಮೊದಲ ಸಲ ಬಂದೂಕು ಕೊಳ್ಳುವ, ಮನೆಯಲ್ಲಿ ಮಕ್ಕಳಿರುವ ಗಿರಾಕಿ ಯಾರ ಹೆಸರಿನಲ್ಲಿ ಇದೆಲ್ಲ ಶುರುವಾಯಿತೋ, ಅವನು ಇಡೀ ಜಗಳದಲ್ಲಿ ಎಲ್ಲೂ ಮಾತಾಡಿದ್ದು ಕಾಣುವುದಿಲ್ಲ. ಅವನು ಚಿಕ್ಕ ಪೆಟ್ಟಿಗೆಯೊಂದನ್ನು ಕೊಂಡು ಮನೆಗೆ ಹೋಗಿದ್ದ, ಅಥವಾ ಅದನ್ನೂ ಕೊಂಡಿರಲಿಲ್ಲ.

ಬೀಗ ಪೂರ್ತಿ ಹೋಗಿಲ್ಲ. ಕಂಪನಿಯ ಹಲವು ರಿವಾಲ್ವರುಗಳು ಈಗಲೂ ತೂತಿನ ಜೊತೆಗೇ ಬರುತ್ತವೆ. ಮೇರಿಲ್ಯಾಂಡ್ ಕಾನೂನೂ ಹಾಗೇ ಇದೆ. ಅಭಿಮಾನಿಗಳು ಈಗ ಹೊಸ ಮಾದರಿ ಬಂದಾಗಲೆಲ್ಲ ಮೊದಲು ಫೋಟೋದ ಎಡಬದಿಯನ್ನು ದೊಡ್ಡದು ಮಾಡಿ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ.